ಎರಡನೇ ಪಿನ್ನು
ಬೀಜಾಡಿಯಲ್ಲಿ ಲೇತ್ ಅಂಗಡಿ ಇಟ್ಟಿರುವ ಜಿತೇಂದ್ರಣ್ಣನಿಗೆ ಬೈಕಿನ ಡಿಸ್ಕ್ ಬ್ರೇಕನ್ನು ಅರ್ಧ ಖರ್ಚಿನಲ್ಲಿ ಮಾಡಿ ತೋರಿಸುವ ಹಟ. ಕಂಪೆನಿಯ ಬ್ರೇಕನ್ನು ಬಿಚ್ಚಿ ಚಾಪೆಯ ಮೇಲೆ ಹರಡಿ, ಒಂದೊಂದು ತುಂಡನ್ನೂ ಸಿಕ್ಕಿಬಿದ್ದ ಕಳ್ಳನಂತೆ ಎತ್ತಿ ಹಿಡಿದು, ‘ಹ್ವಾಯ್, ನೀನ್ ಎಂತಕ್ಕೆ?’ ಎಂದು ವಿಚಾರಿಸುತ್ತಾನೆ. ಕಾರಣ ಸಿಗದ ತುಂಡು ಕಿಟಕಿಯಾಚೆ ಹಾರುತ್ತದೆ. ಎಡಕ್ಕೂ ಬಲಕ್ಕೂ ಒಂದೇ ಅಚ್ಚು, ಆರು ಬೋಲ್ಟಿದ್ದಲ್ಲಿ ಮೂರು. ಬಿಟ್ಟರೆ ಚಕ್ರವನ್ನೂ ದಂಡವೆಂದು ತೆಗೆದುಬಿಟ್ಟಾನು. ಪರೀಕ್ಷೆ ನಡೆಯುವುದು ಮರವಂತೆಯ ನೇರ ರಸ್ತೆಯಲ್ಲಿ. ಹಿಂದಿನ ಸೀಟಿನಲ್ಲಿ ಮೀನು ಮಾರುವ ಹೆಂಡತಿ ಹರಿಣಾಕ್ಷಿ, ಅವಳ ಮಡಿಲಲ್ಲಿ ಬಂಗುಡೆ ಮೀನು ತುಂಬಿದ ಬುಟ್ಟಿ. ಬ್ರೇಕು ಹಾಕಿದಾಗ ಒಂದೇ ಒಂದು ಬಂಗುಡೆ ಕೆಳಗೆ ಬಿದ್ದರೂ ಆ ನಕ್ಷೆ ಒಲೆಗೆ. ‘ಕಂಪೆನಿ ಎಂಜಿನಿಯರ್‌ಗೆ ಬಂಗ್ಡಿ ಗೊತ್ತಿಲ್ಲ, ಅದ್ಕೇ ಅವ್ರದ್ ದುಬಾರಿ’ ಎಂದು ಎದೆಯುಬ್ಬಿಸುತ್ತಾನೆ. ಇಷ್ಟೆಲ್ಲ ಕತ್ತರಿಸಿದವನು ಬ್ರೇಕ್ ಪ್ಯಾಡ್ ಹಿಡಿದಿಡುವ ಎರಡು ಪಿನ್ನುಗಳನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದಾನೆ. ‘ಒಂದು ಸಾಲದೇ?’ ಎಂದೆ. ಆಗ ಮಾತ್ರ ಅವನ ದನಿ ತಗ್ಗಿತು: ‘ಸಾಕ್. ಆದ್ರೆ ಅವ್ಳ ಎರಡ್ ಕೈಯೂ ಬುಟ್ಟಿ ಮೇಲೇ ಅಲ್ದಾ? ಅವ್ಳನ್ನ ಹಿಡ್ಕಂಬುಕೆ ಇನ್ನೊಂದ್ ಬೇಕ್ ಕಾಣಿ.’