ಪೊರೆಯಕ್ಕ ತೊಡಿಸುವ ಕಾಣದ ಅಂಗಿ

ಬೆಳಗಿನ ಐದೂವರೆ. ಸೂರ್ಯನಿಗೇ ನಾಚಿಕೆಯಾಗುವಷ್ಟು ಬೇಗ ಎದ್ದು ಬಂದ ಹೆಂಗಸೊಬ್ಬರು ಉಕ್ಕಿನ ಹಂಡೆಯ ಮುಚ್ಚಳ ತೆಗೆಯುತ್ತಾರೆ. ಉಸ್ಸೆಂದು ಗಾಳಿ ಒಳನುಗ್ಗುತ್ತದೆ. ಒಳಗೆ ನಿನ್ನೆ ಸಂಜೆ ಇಟ್ಟ ವಸ್ತುಗಳೆಲ್ಲ ಇಟ್ಟ ಹಾಗೇ ಇವೆ. ಜಗತ್ತಿನ ಎಂಟನೇ ಅದ್ಭುತ ನಡೆದುಹೋಗಿದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ!

ಕಾರ್ಖಾನೆಯಲ್ಲಿ ಎಲ್ಲರಿಗೂ ಇವರು ಪೊರೆಯಕ್ಕ. ಹನ್ನೊಂದು ವರ್ಷಗಳಿಂದ ಒಂದೇ ಕೆಲಸ: ಬಿಳಿ ಪುಡಿಯನ್ನು ಕಾಯಿಸಿ ಆವಿ ಮಾಡಿ, ಗಾಳಿ ತೆಗೆದ ಹಂಡೆಗೆ ಬಿಡುವುದು. ಆವಿ ತಾಗಿದ್ದಕ್ಕೆಲ್ಲ ಪ್ಲಾಸ್ಟಿಕ್ಕಿನ ಪೊರೆ ಕೂರುತ್ತದೆ. ದಪ್ಪವೋ, ತಲೆಗೂದಲನ್ನು ಹತ್ತಾಗಿ ಸೀಳಿದರೆ ಒಂದು ಸೀಳಿನಷ್ಟು. ಆಮೇಲೆ ಕಬ್ಬಿಣಕ್ಕೆ ತುಕ್ಕಿಲ್ಲ, ರಬ್ಬರಿಗೆ ಅಂಟಿಕೊಳ್ಳುವ ಚಾಳಿಯಿಲ್ಲ, ಹಳೇ ಕಾಗದಕ್ಕೆ ಹರಿಯುವ ಭಯವಿಲ್ಲ. ಬಿಟ್ಟರೆ ಈಕೆ ಸಮುದ್ರಕ್ಕೇ ಪೊರೆ ಹಾಕಿ ನೀರು ಒದ್ದೆಯಾಗದಂತೆ ಮಾಡಿಯಾರು!

"ಬಣ್ಣ ಬಳಿದ್ರೆ ಮೂಲೆಗೆ ಹೋಗಲ್ಲ, ಅಂಚಲ್ಲಿ ನಿಲ್ಲಲ್ಲ. ಇದು ಸೂಜಿ ತೂತಿನ ಒಳಗೂ ಒಂದೇ ಸಮ ಕೂರುತ್ತೆ. ಅದೇ ಇದರ ಗುಣ, ಅದೇ ಇದರ ಕಾಟ," ಎನ್ನುತ್ತಾರೆ ಪೊರೆಯಕ್ಕ.

ಕಾಟವೇನೆಂದರೆ, ಕರೆಂಟು ಹರಿಯಬೇಕಾದ ಜಾಗದಲ್ಲೂ ಪೊರೆ ಕೂತುಬಿಡುತ್ತದೆ. ಅಲ್ಲಿಗೆಲ್ಲ ಮೊದಲೇ ಟೇಪು ಅಂಟಿಸಬೇಕು, ಪೊರೆ ಕೂತ ಮೇಲೆ ಕೀಳಬೇಕು. ಸೇರಿದ ವರ್ಷ ಒಂದು ತಟ್ಟೆ ಪೂರ್ತಿ ಟೇಪಿಲ್ಲದೆ ಒಳಗಿಟ್ಟಿದ್ದರಂತೆ. "ನೀರೂ ಒಳಗೆ ಹೋಗಲಿಲ್ಲ, ಕರೆಂಟೂ ಹೋಗಲಿಲ್ಲ. ಮೇಸ್ತ್ರಿ ಬೈಗುಳ ಮಾತ್ರ ಸಲೀಸಾಗಿ ಹೋಯ್ತು!" ಅಂದಿನಿಂದ, ಕಿತ್ತ ಟೇಪಿನ ಚೂರುಗಳನ್ನೆಲ್ಲ ತೋಳಿಗೆ ಅಂಟಿಸಿಕೊಂಡು ಎಣಿಸುವುದು ಇವರ ಪದ್ಧತಿ.

ಇಂದಿನ ತಟ್ಟೆಯಲ್ಲಿ, ಕಿವಿ ಮಂದವಾದವರು ಹಾಕಿಕೊಳ್ಳುವ ಕಿವಿಯಂತ್ರದ ನಲವತ್ತು ಸರ್ಕ್ಯೂಟ್ ಬೋರ್ಡುಗಳಿವೆ. ಒಂದಕ್ಕೆ ಎರಡು ಚೂರಿನಂತೆ ಎಂಬತ್ತು ಬರಬೇಕು. ಮೂಲೆಯ ಬೋರ್ಡು, ಮೇಸ್ತ್ರಿಯನ್ನು ಕಾಡಿ ಬೇಡಿ ಸೇರಿಸಿದ್ದು, ಇವರ ಅಣ್ಣನದು. ಅಣ್ಣ ಪಕ್ಕದ ಬೀದಿಯ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವರು. ಬೆವರು ಕುಡಿದೇ ಎರಡು ಯಂತ್ರ ಸತ್ತಿವೆ.

"ಇದೂ ಹೋದ್ರೆ ಇನ್ನು ಕಿವಿಗೆ ಏನೂ ಹಾಕಲ್ಲ ಅಂದುಬಿಟ್ಟಿದಾನೆ. ಎರಡು ತಿಂಗಳಿಂದ ನಾನು ಏನು ಹೇಳಿದ್ರೂ ಬರೀ ತಲೆ ಆಡಿಸ್ತಾನೆ."

ಎಣಿಕೆ ಮುಗಿಯುತ್ತದೆ. ಎಪ್ಪತ್ತೊಂಬತ್ತು! ಕಾರ್ಖಾನೆಯ ಗಡಿಯಾರವೇ ಉಸಿರು ಬಿಗಿಹಿಡಿಯುತ್ತದೆ. ಮತ್ತೆ ಎಣಿಸಿದರೂ ಎಪ್ಪತ್ತೊಂಬತ್ತೇ. ಯಾವುದಕ್ಕೋ ಟೇಪು ಅಂಟಿಸಲು ಮರೆತಿದ್ದರೆ ಆ ಬೋರ್ಡಿನ ಕಥೆ ಮುಗಿಯಿತು. ಭೂತಗನ್ನಡಿ ಹಿಡಿದು ಒಂದೊಂದನ್ನೇ ಹುಡುಕುತ್ತಾರೆ. ಕೊನೆಗೆ ಉಳಿದದ್ದು ಅಣ್ಣನದು. ಅದರ ಅಂಚಿನಲ್ಲಿ ಎಳ್ಳಿನಷ್ಟು ಟೇಪು ಇನ್ನೂ ಗಟ್ಟಿಯಾಗಿ ಕೂತಿದೆ!

"ಅವನದ್ದು ಅಂತ ಎರಡು ಸಲ ಒತ್ತಿದ್ದೆ. ನೋಡಿ, ಅವನ ಹಾಗೇ ಹಠ!" ಎಂದು ನಗುತ್ತಾ ಚಿಮಟದಲ್ಲಿ ಕೀಳುತ್ತಾರೆ. ಬ್ಯಾಟರಿ ಕಚ್ಚುವ ತುದಿಯನ್ನಷ್ಟೇ ಮೇಲಿಟ್ಟು ಬೋರ್ಡನ್ನು ಬೆವರಿನಂಥ ಉಪ್ಪುನೀರಿನ ಲೋಟದಲ್ಲಿ ಮುಳುಗಿಸುತ್ತಾರೆ. ಪರೀಕ್ಷೆಯ ಹಸಿರು ದೀಪ ಆರುವುದೇ ಇಲ್ಲ.

ಎಂಟು ಗಂಟೆಗೆ ಅಣ್ಣನ ಕಣ್ಣೆದುರೇ ಬೋರ್ಡು ಜೋಡಿಸಿಕೊಂಡು ಯಂತ್ರ ಅವರ ಕಿವಿ ಸೇರುತ್ತದೆ. ಒಂಬತ್ತಕ್ಕೆ ಒಲೆಯ ಮುಂದೆ ಅವರ ಬೆವರಿನಲ್ಲಿ ದೋಣಿ ಬಿಡಬಹುದು. ಪೊರೆಯಕ್ಕ ಬೆನ್ನ ಹಿಂದೆ ನಿಂತು ಮೆಲ್ಲಗೆ, ತೀರಾ ಮೆಲ್ಲಗೆ ಹೇಳುತ್ತಾರೆ: "ಅಣ್ಣಾ, ಬ್ರೆಡ್ಡು ಸೀದೋಯ್ತು."

ಅಣ್ಣ ಗಿರ್ರನೆ ತಿರುಗುತ್ತಾರೆ. "ಮೂವತ್ತು ವರ್ಷದಲ್ಲಿ ನನ್ನ ಕೈಲಿ ಒಂದು ಬ್ರೆಡ್ಡೂ ಸೀದಿಲ್ಲ ಕಣೇ, ಸುಳ್ಳಿ!"

ಹೇಳಿ ಮುಗಿಸಿದ ಮೇಲೆ, ಇಷ್ಟು ಬೆವರಿನಲ್ಲೂ ಆ ಪಿಸುಮಾತು ತಮಗೆ ಕೇಳಿಸಿತೆಂಬುದು ಅವರಿಗೇ ಹೊಳೆದು, ಕೈ ಕಿವಿಗೆ ಹೋಗುತ್ತದೆ. "ಅಲ್ವೇ, ಜೋಡಿಸೋವಾಗ ಕನ್ನಡಕ ಹಾಕ್ಕೊಂಡು ನೋಡಿದೆ. ನಿನ್ನ ಪೊರೆ ಎಲ್ಲೂ ಕಾಣ್ಸಲೇ ಇಲ್ವಲ್ಲ?"

"ಕಂಡಿದ್ರೆ ನನ್ನ ಕೆಲಸ ಕೆಟ್ಟಿದೆ ಅಂತ," ಎನ್ನುತ್ತಾ ಪೊರೆಯಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಾರೆ. "ಈಗ ಸುಮ್ನೆ ಕೇಳು. ಎರಡು ತಿಂಗಳ ಮಾತು ಹಾಗೇ ಉಳಿದಿದೆ."