ಬಾವಿಯ ಪಾಳಿಗೆ ಪಾಟಿ

ಜತ್ತಕ್ಕೆ ಹೊರಟಿದ್ದ ಸರಕಾರಿ ಮೋಟಾರು ಬಸ್ಸು ಯಳವಿಯ ಆಚೆ ಒಂದು ಹಳ್ಳಿಯ ಶಾಲೆಯ ಮುಂದೆ ಹೊಗೆಯಾಡಿ ನಿಂತುಬಿಟ್ಟಿತು. ಇಂಜಿನ್ನಿಗೆ ನೀರು ಬೇಕು. ಡಬ್ಬಿ ಹಿಡಿದು ಶಾಲೆಯ ಪಕ್ಕದ ಬಾವಿಗೆ ಹೊರಟ ಡ್ರೈವರನ ಹಿಂದೆ ನಾನೂ ಹೋದೆ. ಅಲ್ಲಿ ಕೊಡಗಳ ಸಾಲಿಲ್ಲ; ಮಕ್ಕಳ ಪಾಟಿಗಳ ಸಾಲು! ಒಂದೊಂದರ ಮೇಲೂ ಒಂದೊಂದು ಹೆಸರು. ಶಾಲೆಯೊಳಗೆ ಮಕ್ಕಳು ಬರಿಗೈಯಲ್ಲಿ ಕೂತು ಮಗ್ಗಿ ಕೂಗುತ್ತಿದ್ದರು.

"ಏನ್ರೀ ಮಾಸ್ತರೇ, ಪಾಟಿ ಇರೋದು ಬರೆಯೋದಕ್ಕಲ್ಲವೇ?" ಎಂದು ರೇಗಿದೆ.

ಬಾಗಿಲಿಗೆ ಬಂದ ಮಾಸ್ತರರು ನನಗಿಂತ ಬೇಸತ್ತಿದ್ದರು. "ಒರತಿ ನೀರ್ರಿ. ಒಂದ ಕೊಡ ತುಂಬಲಾಕ ಭಾಳ ಹೊತ್ತ ಹಿಡೀತದ. ಕೊಡ ಇಟ್ರ ಯಾರದು ಅಂತ ಜಗಳ. ಪಾಟಿ ಮ್ಯಾಲ ಹೆಸರ ಇರ್ತದ, ಅದಕ್ಕ ಪಾಳಿಗೆ ಅದನ್ನ ಇಡ್ತಾರ. ಸ್ವರಾಜ್ಯ ಬಂದಾಗಿಂದ ಬಾವಿ ಆಳ ಮಾಡಸ್ರಿ ಅಂತ ಅರ್ಜಿ ಬರದ ಬರದ ಸಾಕಾತು. ಮ್ಯಾಲಿನವರು ಪಾಟಿ ಕಳಿಸಿದ್ರು."

"ಹಾಗಾದರೆ ಇವರು ಬರೆಯೋದು ಯಾವಾಗ?"

"ಪಾಳಿ ಬಂದಾಗ ಪಾಟಿ ಕೈಗೆ ಸಿಗ್ತದ್ರಿ. ಆವಾಗ ಹುಡುಗೂರು ಕೊಡ ತರಲಾಕ ಓಡ್ತಾವ."

ಯಾರನ್ನು ಬೈಯಬೇಕೆಂದು ತಿಳಿಯದೆ ನಾನು ಹಲ್ಲು ಕಡಿಯುತ್ತಿದ್ದಾಗ, ಬಾವಿಕಟ್ಟೆಯ ಮೇಲಿದ್ದ ಮುದುಕಿ ಡ್ರೈವರನ ಡಬ್ಬಿಗೆ ಕೈ ಅಡ್ಡ ಹಿಡಿದಳು. "ಸರಕಾರದ ಗಾಡಿ ಆದ್ರೇನು ಯಪ್ಪಾ? ಪಾಳಿ ಹಚ್ಚು. ಹೆಸರ ಬರದದ್ದು ಏನರ ತಂದ ಇಡು."

ಡ್ರೈವರ್ ಗೊಣಗುತ್ತ ಮೋಟಾರಿನ ಹತ್ತಿರ ಹೋದ. ಮುಂದಿನ ಗಾಜಿನ ಮೇಲಿದ್ದ ‘ಜತ್ತ’ ಎಂಬ ಫಲಕವನ್ನು ಬಿಚ್ಚಿ ತಂದು, ಕೊನೆಯ ಪಾಟಿಯ ಹಿಂದೆ ಇಟ್ಟ.