ಉಪ್ಪಿನ ಬಯಲಿನಲ್ಲಿ ಇನ್ನೆರಡು ಹೆಜ್ಜೆ

ನಾಲ್ಕು ವರ್ಷಗಳ ಹಿಂದೆ ನಾನು ಮಸ್ಕತ್‌ನ ಜಾಹೀರಾತು ಸಂಸ್ಥೆಯೊಂದರಲ್ಲಿ ಹಿರಿಯ ಫೋಟೋಗ್ರಾಫರ್ ಆಗಿದ್ದೆ. ಆ ಜನವರಿಯಲ್ಲಿ ಒಬ್ಬ ಗ್ರಾಹಕರು ಚಳಿಗಾಲದ ಕ್ಯಾಲೆಂಡರ್ ಬೇಕೆಂದರು. ಮೊದಲ ಪುಟಕ್ಕೆ ಹೆಪ್ಪುಗಟ್ಟಿದ ಸರೋವರದಂತೆ ಕಾಣುವ ದೃಶ್ಯ. ಒಮಾನಿನಲ್ಲಿ ಅದಕ್ಕೆ ಹೊಂದುವುದು ಸಬ್ಖಾ ಒಂದೇ, ಅಂದರೆ ಉಪ್ಪಿನ ಬಯಲು. ಮೇಲೆ ಬಿಳಿಯ ಗಟ್ಟಿ ಪದರ, ಅಡಿಯಲ್ಲಿ ಉಪ್ಪುನೀರು ಕುಡಿದ ಕೆಸರು. ಬೆಳಗಿನ ಓರೆ ಬಿಸಿಲಿಗೆ ಥೇಟ್ ಮಂಜುಗಡ್ಡೆ.

ದುಕ್ಮ್ ಪಟ್ಟಣದಲ್ಲಿ ರಾತ್ರಿ ತಂಗಿ, ಬೆಳಗಾಗುವಾಗ ಕರಾವಳಿಯ ಸಬ್ಖಾ ತಲುಪಿದೆವು. ಜೊತೆಗಿದ್ದವರು ಇಬ್ಬರೇ: ನಮ್ಮ ಡಿಸೈನರ್, ಮಂಗಳೂರಿನ ಲವೀನಾ, ಮತ್ತು ಚಾಲಕ ಹಮದ್. ಅವನು ಅದೇ ಸೀಮೆಯವನು. ಮೂರು ದಿನಗಳ ಹಿಂದೆ ಮಳೆ ಬಿದ್ದಿತ್ತು. ಹಮದ್ ಬಯಲಿನ ಅಂಚಿನಲ್ಲೇ ಗಾಡಿ ನಿಲ್ಲಿಸಿದ. ಒಳಗೆ ಹೋಗಿದ್ದ ಹಳೆಯ ಚಕ್ರದ ಗುರುತೊಂದನ್ನು ತೋರಿಸಿದ. ಅದು ನೇರವಾಗಿ ಸಾಗಿ, ಒಂದು ಕಡೆ ನಿಂತೇ ಹೋಗಿತ್ತು.

"ಸಫೇದ್ ಠೀಕ್ ಹೈ ಸದೀಕ್. ಕಾಲಾ ದಿಖಾ ತೋ ಖಲಾಸ್," ಎಂದ. ಬಿಳಿ ಇದ್ದಲ್ಲಿ ನಡೆಯಬಹುದು ಗೆಳೆಯಾ, ಕಪ್ಪು ಕಂಡರೆ ಮುಗಿಯಿತು ಎಂದರ್ಥ. ನಾನು ತಲೆಯಾಡಿಸಿದೆ.

ಚಿತ್ರಕ್ಕೆ ದೂರದಲ್ಲಿ ಒಂದು ಒಂಟಿ ಆಕೃತಿ ಬೇಕಿತ್ತು. ಕೆಂಪು ಶಾಲು ಹೊದ್ದು ಲವೀನಾ ತಾನೇ ಹೊರಟಳು. ನೂರು ಮೀಟರ್ ಆಚೆಯವಳನ್ನು ಟೆಲಿಫೋಟೋ ಲೆನ್ಸಿನಲ್ಲಿ ನೋಡುತ್ತ, ಮೊಬೈಲಿನಲ್ಲಿ ಸೂಚನೆ ಕೊಡುತ್ತಿದ್ದೆ. ಗಾಳಿಯಿರಲಿಲ್ಲ. ಹಕ್ಕಿಯ ಸದ್ದೂ ಇರಲಿಲ್ಲ.

"ನೆಲ ಸ್ವಲ್ಪ ಮೆತ್ತಗುಂಟು ಸರ್," ಎಂದಳು.

"ಎಂತ ಆಗುದಿಲ್ಲ. ಇನ್ನೆರಡು ಹೆಜ್ಜೆ ಹಾಕಿ, ಸಾಕು."

ವ್ಯೂಫೈಂಡರಿನಲ್ಲಿ ಲವೀನಾ ಇದ್ದಕ್ಕಿದ್ದಂತೆ ಗಿಡ್ಡವಾದಳು. ಏನಾಯಿತೆಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ತೊಡೆಯವರೆಗೆ ಹೂತುಹೋಗಿದ್ದಳು, ಎಡಗಾಲು ಒಳಗೇ ತಿರುಚಿಕೊಂಡಿತ್ತು. ಓಡಲು ಹೊರಟ ನನ್ನ ತೋಳನ್ನು ಹಮದ್ ಹಿಡಿದ. ನಾನೂ ಹೋದರೆ ಇಬ್ಬರನ್ನು ಎಳೆಯಬೇಕಾಗುತ್ತದೆ ಎಂದ. ಕಾಲು ಒದೆಯದೆ ಹಿಂದಕ್ಕೆ ಒರಗಿಕೊಳ್ಳಲು ಅವಳಿಗೆ ಕೂಗಿ ಹೇಳಿದ. ಮರಳಿನಲ್ಲಿ ಸಿಕ್ಕ ಚಕ್ರಕ್ಕೆ ಕೊಡುವ ಎರಡು ಉದ್ದನೆಯ ಹಲಗೆ, ಒಂದು ಹಗ್ಗ ಅವನ ಬಳಿ ಇದ್ದವು. ನೆಲ ಗಟ್ಟಿಯಿದ್ದಷ್ಟು ದೂರ ಇಬ್ಬರೂ ನಡೆದೆವು. ಅಲ್ಲಿಂದ ಹಮದ್ ಒಂದು ಹಲಗೆಯನ್ನು ಮುಂದಿಟ್ಟು, ಅದರ ಮೇಲೆ ಹೊಟ್ಟೆಯಲ್ಲಿ ತೆವಳಿ, ಹಿಂದಿನದನ್ನು ಮತ್ತೆ ಮುಂದಿಟ್ಟು ಸಾಗಿದ. ನಾನು ಗಟ್ಟಿ ನೆಲದ ಅಂಚಿನಲ್ಲಿ ಹಗ್ಗ ಹಿಡಿದು ಕುಳಿತಿದ್ದೆ. ಆ ವೇಳೆಗೆ ಅವಳು ಸೊಂಟದವರೆಗೆ ಇಳಿದಿದ್ದಳು. ಸಹಾಯಕ್ಕೂ ಕೂಗುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಹೊರತೆಗೆಯಲು ನಲವತ್ತು ನಿಮಿಷ ಹಿಡಿಯಿತು. ಮೊಣಕಾಲಿನ ಲಿಗಮೆಂಟ್ ಹರಿದಿತ್ತು.

ಮರುದಿನ ಆಫೀಸಿನ ದೊಡ್ಡ ಪರದೆಯಲ್ಲಿ ಚಿತ್ರಗಳನ್ನು ತೆರೆದೆ. ಕೊನೆಯ ಐದರಲ್ಲೂ ಅವಳ ಮುಂದೆ ಬೂದುಗಪ್ಪು ಕಲೆಯೊಂದು ಸ್ಪಷ್ಟವಾಗಿತ್ತು. ಅದು ನನಗೆ ಹೊಸದಲ್ಲ. ಅವಳನ್ನು ಅದರ ಪಕ್ಕಕ್ಕೆ ತರಲೆಂದೇ ನಾನು ಆ ಎರಡು ಹೆಜ್ಜೆ ಕೇಳಿದ್ದು.

ಆಸ್ಪತ್ರೆಯಲ್ಲಿ ಲವೀನಾ ಕೇಳಿದಳು, "ಆ ಕಪ್ಪು ಜಾಗ ನಿಮಗೆ ಮೊದಲೇ ಕಂಡಿತ್ತಾ ಸರ್?"

ಇಲ್ಲ ಎನ್ನಬಹುದಿತ್ತು. "ಕಂಡಿತ್ತು," ಎಂದೆ. "ಫ್ರೇಮಿಗೆ ಚಂದ ಉಂಟು ಅಂತ ಮಾತ್ರ ಕಂಡದ್ದು."

ಅವಳು ಪಟ್ಟಿ ಸುತ್ತಿದ ಕಾಲನ್ನು ದಿಂಬಿನ ಮೇಲೆ ಸರಿಸಿಕೊಂಡಳು. "ಇನ್ನು ಯಾರನ್ನಾದ್ರೂ ನಿಲ್ಲಿಸುವಾಗ, ಮೊದಲು ನೀವು ಹೋಗಿ ನಿಂತು ನೋಡಿ," ಎಂದಳು.

ಆ ಚಿತ್ರಗಳನ್ನು ಗ್ರಾಹಕರಿಗೆ ಕಳಿಸಲಿಲ್ಲ. ನಿವೃತ್ತಿಯವರೆಗೂ, ಮದುವೆ ಮಂಟಪದ ಮೆಟ್ಟಿಲಾದರೂ ಸರಿ, ನಾನು ನಿಂತು ನೋಡದ ಜಾಗದಲ್ಲಿ ಇನ್ನೊಬ್ಬರನ್ನು ನಿಲ್ಲಿಸಲಿಲ್ಲ.